ಡೆಸ್ಕಾನ್ಸೊ ಗಾರ್ಡನ್ಸ್‌ನ ಕಮೀಲಿಯ: ಯಾವಾಗ ಹೋಗಬೇಕು, ಏನು ನೋಡಬೇಕು

ಚಳಿಗಾಲದಲ್ಲಿ ಹೂ ಬಿಡುವ ಕಮೀಲಿಯ ಪೊದೆಗಳನ್ನು ನೋಡಲೆಂದೇ ಲಾಸ್ ಏಂಜಲೀಸ್ ಬಳಿಯ ಡೆಸ್ಕಾನ್ಸೊ ಗಾರ್ಡನ್ಸ್‌ಗೆ ಹೋಗುವವರು ಜನವರಿ ಮಧ್ಯದಿಂದ ಫೆಬ್ರುವರಿ ಕೊನೆಯೊಳಗೆ ಹೋಗಬೇಕು. ಕ್ರಿಸ್ಮಸ್ ರಜೆಯಲ್ಲಿ ಹೋದರೆ ಮೊಗ್ಗೇ ಹೆಚ್ಚು. ಮಾರ್ಚ್ ಕೊನೆಗೆ ಹೋದರೆ ಗಿಡಕ್ಕಿಂತ ನೆಲದ ಮೇಲೆ ಹೂ ಹೆಚ್ಚು. ಎಲ್ಲವನ್ನೂ ಒಂದೇ ಭೇಟಿಯಲ್ಲಿ ನೋಡಿಬಿಡುತ್ತೇವೆ ಎಂದರೆ ಆಗದು. ಮುಖ್ಯವಾಗಿ ಮೂರು ಬಳಗಗಳಿವೆ, ಮೂರಕ್ಕೂ ಬೇರೆ ಬೇರೆ ಸರದಿ. ಸಸಾಂಕ್ವ ಅಕ್ಟೋಬರ್‌ನಲ್ಲೇ ಶುರುವಾಗಿ ಹೊಸ ವರ್ಷದ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ: ಸಣ್ಣ ಎಲೆ, ಸಣ್ಣ ಹೂ, ಹತ್ತಿರ ಹೋದರೆ ತೆಳುವಾದ ಪರಿಮಳ. ಜಪೋನಿಕ ಡಿಸೆಂಬರ್‌ನಲ್ಲಿ ಕಣ್ಣು ಬಿಟ್ಟು ಜನವರಿ, ಫೆಬ್ರುವರಿಯಲ್ಲಿ ತುಂಬಿ ನಿಲ್ಲುತ್ತದೆ. ಕೊನೆಯದು ರೆಟಿಕ್ಯುಲೇಟ. ಅಂಗೈಗಿಂತ ಅಗಲದ, 15 ಸೆಂಟಿಮೀಟರ್ ದಾಟುವ ಹೂ ಕಂಡರೆ ಅದೇ ಇರಬೇಕು. ಅನುಮಾನವಿದ್ದರೆ ಎಲೆ ನೋಡಿ: ಜಪೋನಿಕದ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ, ರೆಟಿಕ್ಯುಲೇಟದ್ದು ಮಂಕು, ನರಗಳು ಬಲೆಯಂತೆ ಎದ್ದು ಕಾಣುತ್ತವೆ. ಚೀನಾದ ಯುನ್ನಾನ್‌ನಿಂದ ಈ ಬಳಗದ ಗಿಡಗಳು ಇಲ್ಲಿಗೆ ಬಂದದ್ದು 1948ರಲ್ಲಿ.

ಈ ತೋಟದ ನಿಜವಾದ ಹೆಚ್ಚುಗಾರಿಕೆ ಹೂವಿನ ಗಾತ್ರದಲ್ಲಿಲ್ಲ, ನೆರಳಿನಲ್ಲಿದೆ. ಬೇರೆಡೆ ಕಮೀಲಿಯ ಎಂದರೆ ಬೇಲಿ ಸಾಲು, ಇಲ್ಲವೇ ಕುಂಡ. ಇಲ್ಲಿ ಹಳೆಯ ಓಕ್ ಮರಗಳ ಕೆಳಗೆ ಆಳೆತ್ತರವನ್ನು ಎಂದೋ ದಾಟಿದ ಗಿಡಗಳು ಕಾಡಾಗಿ ನಿಂತಿವೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟ ಕಂಡವರಿಗೆ ಏರ್ಪಾಡು ತಕ್ಷಣ ಅರ್ಥವಾಗುತ್ತದೆ: ಮೇಲೆ ನೆರಳುಮರ, ಕೆಳಗೆ ಬೆಳೆ, ನೆಲದಲ್ಲಿ ತರಗೆಲೆ. (ನಮ್ಮ ಸಿಲ್ವರ್ ಓಕ್‌ಗೂ ಈ ಓಕ್‌ಗೂ ಹೆಸರೊಂದು ಬಿಟ್ಟರೆ ನಂಟಿಲ್ಲ. ನಂಟಿರುವುದು ಕಮೀಲಿಯಕ್ಕೂ ಟೀ ಗಿಡಕ್ಕೂ. ಎರಡೂ ಒಂದೇ ಕುಲ.) ಆದರೆ ಇಲ್ಲೊಂದು ತೊಡಕಿದೆ. ಕ್ಯಾಲಿಫೋರ್ನಿಯದ ಈ ಓಕ್ ಒಣ ಬೇಸಿಗೆಗೆ ಒಗ್ಗಿದ ಮರ, ಬುಡ ಸದಾ ತೇವವಾಗಿದ್ದರೆ ಬೇರು ಕೊಳೆಯುತ್ತದೆ. ಕಮೀಲಿಯಕ್ಕೋ ಬೇಸಿಗೆಯಲ್ಲೂ ನೀರು ಬೇಕು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ವಿಷ. ಹೂ ನೋಡುತ್ತಾ ಒಮ್ಮೆ ತಲೆ ಎತ್ತಿ ಮರದ ತುದಿಯನ್ನೂ ನೋಡಿ. ಆ ನೆರಳು ಹೋದರೆ ಕೆಳಗಿನ ಎಲೆಗಳು ಒಂದೇ ಬೇಸಿಗೆಯಲ್ಲಿ ಸುಟ್ಟು ಕಂದಾಗುತ್ತವೆ.

ಈ ಗಿಡಗಳ ಹಿಂದಿನ ಕಥೆಯನ್ನೂ ತಿಳಿದು ಹೋಗುವುದು ಒಳ್ಳೆಯದು. ಪತ್ರಿಕಾ ಮಾಲೀಕ ಮ್ಯಾಂಚೆಸ್ಟರ್ ಬಾಡಿ 1937ರಲ್ಲಿ ಈ ಜಾಗ ಕೊಂಡು, ಹೂ ಮಾರಾಟದ ಲೆಕ್ಕಾಚಾರದಲ್ಲಿ ಓಕ್ ಅಡಿಯಲ್ಲಿ ಕಮೀಲಿಯ ನೆಡಿಸಿದ. 1942ರಲ್ಲಿ, ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದಾಗ, ಅಮೆರಿಕ ಸರ್ಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಿತು. ಹೊರಡಬೇಕಾಗಿ ಬಂದವರಲ್ಲಿ ನರ್ಸರಿ ನಡೆಸುತ್ತಿದ್ದ ಉಯೆಮಾತ್ಸು ಮತ್ತು ಯೋಶಿಮುರ ಕುಟುಂಬಗಳೂ ಇದ್ದವು. ಅವರು ವರ್ಷಗಟ್ಟಲೆ ಸಾಕಿದ ಕಮೀಲಿಯಗಳನ್ನು ಬಾಡಿ ಕೊಂಡ. ಮಾರದೆ ಬೇರೆ ದಾರಿಯಿಲ್ಲದವರ ಮಾರಾಟ ಅದು. ತೋಟ 1953ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಕೈಗೆ ಬಂತು. ಬಾಡಿಯ ಹೆಂಡತಿಯ ಹೆಸರಿನದೇ ಒಂದು ತಳಿ ಇದೆ, ‘ಬೆರೆನೀಸ್ ಬಾಡಿ’: ತಿಳಿಗುಲಾಬಿ, ನಡುವೆ ಹಳದಿ ಕೇಸರ. ನೂರೆಸಳಿನ ಹೂಗಳ ನಡುವೆ ಇದು ಸಪ್ಪೆ ಎನಿಸಬಹುದು. ಆದರೆ ನೆರಳಿನಲ್ಲಿ ದೂರದಿಂದಲೇ ಬೆಳಗುವುದು ಇಂಥ ಸರಳ ಹೂವೇ.

ಕೇಸರವೇ ಕಾಣದಂತೆ ಎಸಳು ಅಚ್ಚುಕಟ್ಟಾಗಿ ಸುತ್ತು ಸುತ್ತಾಗಿ ಜೋಡಿಸಿಕೊಂಡ ಹೂವನ್ನು ‘ಫಾರ್ಮಲ್ ಡಬಲ್’ ಎನ್ನುತ್ತಾರೆ. ಎಲ್ಲರ ಫೋಟೊದಲ್ಲೂ ಇರುವುದು ಅದು. ಚಳಿ ಹೆಚ್ಚಾದಾಗ ಮೊದಲು ಮುಷ್ಕರ ಹೂಡುವುದೂ ಅದೇ: ಹೊರ ಎಸಳು ಬಿಚ್ಚಿ ನಡುವಿನ ಮೊಗ್ಗು ಬಿಚ್ಚದೆ ಹಾಗೇ ಉಳಿಯುತ್ತದೆ. ಮಳೆ ಇನ್ನೊಂದು ಶತ್ರು. ಕಾಫಿಗೆ ಹೂಮಳೆ ಬೇಕು, ಇಲ್ಲಿ ಹೂವಿದ್ದಾಗ ಮಳೆ ಬಂದರೆ ಬಿಳಿ ಮತ್ತು ತಿಳಿ ಬಣ್ಣದ ಹೂಗಳು ಒಂದೆರಡು ದಿನದಲ್ಲೇ ಕಂದುತ್ತವೆ. ದೊಡ್ಡ ಮಳೆಯ ನಂತರ ಒಂದು ವಾರ ಬಿಟ್ಟು ಹೋದರೆ ಹೊಸ ಮೊಗ್ಗು ಅರಳಿರುತ್ತವೆ.

ಜಪೋನಿಕ ಹೂ ಸಾಮಾನ್ಯವಾಗಿ ಇಡಿಯಾಗಿ ಉದುರುತ್ತದೆ, ಸಸಾಂಕ್ವ ಎಸಳೆಸಳಾಗಿ. ನೆಲದ ಮೇಲೆ ಮುಖ ಮೇಲಾಗಿ ಬಿದ್ದ ಹೂ ಎಷ್ಟೇ ಚೆನ್ನಾಗಿದ್ದರೂ, ದೇವರಿಗಾದರೂ ಆಗಲಿ ಎಂದು ಮನೆಗೆ ತರಬೇಡಿ. ನಿಯಮದ ಮಾತಷ್ಟೇ ಅಲ್ಲ. ಕಮೀಲಿಯ ಹೂವಿಗೆ ಬರುವ ಬೂಷ್ಟು ರೋಗ ಹೂವಿನ ಜೊತೆಗೇ ಪಯಣಿಸುತ್ತದೆ. ಎಸಳಿನ ಮೇಲೆ ಕಂದು ಚುಕ್ಕೆಯಾಗಿ ಶುರುವಾಗಿ ಹೂವನ್ನೆಲ್ಲ ಆವರಿಸುತ್ತದೆ. ತೊಟ್ಟು ಕಿತ್ತು ನೋಡಿದರೆ ಬುಡದಲ್ಲಿ ಬೂದಿ-ಬಿಳಿ ಉಂಗುರ. ಅಂಚಷ್ಟೇ ಕಂದಿದ್ದರೆ ಬಿಸಿಲೋ ಗಾಳಿಯೋ ಕಾರಣ. ಬಿದ್ದ ಹೂವಿನಲ್ಲಿ ಕಪ್ಪು ಗಟ್ಟಿ ಗಂಟು ಕಟ್ಟಿ, ರೋಗ ಮಣ್ಣಿನಲ್ಲಿ ವರ್ಷಗಳ ಕಾಲ ಕಾಯುತ್ತದೆ.

ಬಾಗಿಲು ತೆರೆಯುವ ಬೆಳಿಗ್ಗೆ 9ಕ್ಕೇ ಹೋಗಿ, ಮೊದಲು ಓಕ್ ಕಾಡಿಗೆ ನಡೆಯಿರಿ. ಕೆಂಪು ಸೇತುವೆಯ ಜಪಾನಿ ಉದ್ಯಾನ ಮಧ್ಯಾಹ್ನಕ್ಕೂ ಅಲ್ಲೇ ಇರುತ್ತದೆ, ಕಾಡಿನ ಮೆತ್ತನೆ ಬೆಳಕು ಇರುವುದಿಲ್ಲ. ಸೂರ್ಯ ಏರಿದ ಮೇಲೆ ಎಲೆಗಳ ನಡುವಿಂದ ಬೀಳುವ ಬಿಸಿಲಿನ ಚೂರುಗಳು ಬಿಳಿ ಹೂವನ್ನು ಫೋನಿನಲ್ಲಿ ಬರೀ ಸುಣ್ಣದ ಉಂಡೆ ಮಾಡುತ್ತವೆ. ಫೋನಿನ ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಇಳಿಸಿ ತೆಗೆಯಿರಿ. ಅಡ್ಡದಾರಿಗಳು ಮಣ್ಣಿನವು, ಚಪ್ಪಲಿ ಬೇಡ, ಶೂ ಹಾಕಿ. ಕಾಡಿಗೊಂದಕ್ಕೇ ಎರಡು ಗಂಟೆ ಇಟ್ಟುಕೊಳ್ಳಿ.

ನೋಡಿ ಆಸೆಯಾಗಿ ಮನೆಗೊಂದು ಗಿಡ ಕೊಳ್ಳುವವರು ಹೂ ಬಿಟ್ಟಾಗಲೇ ಕೊಳ್ಳಿ, ಬಣ್ಣದಲ್ಲಿ ಮೋಸ ಇರುವುದಿಲ್ಲ. ಮಣ್ಣು ತುಸು ಹುಳಿ ಗುಣದ್ದಿರಬೇಕು. ಬೇರು-ಮಣ್ಣಿನ ಮುದ್ದೆ ನೆಲಮಟ್ಟಕ್ಕಿಂತ ಎರಡು-ಮೂರು ಸೆಂಟಿಮೀಟರ್ ಮೇಲೇ ಕೂರಲಿ. ಆಳಕ್ಕೆ ಹೂತ ಗಿಡ ಉಸಿರುಕಟ್ಟಿ ಸೊರಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯದ ಗಡಸು ನಲ್ಲಿನೀರಿಗೆ ಕುಂಡದಲ್ಲಿ ಉಪ್ಪು ಸೇರಿ ಎಲೆಯಂಚು ಸುಡುತ್ತದೆ, ಆಗಾಗ ತಳದಿಂದ ಹರಿದುಹೋಗುವಷ್ಟು ನೀರು ಹಾಕಿ. ಒಂದು ತುದಿಗೆ ಒಂದೇ ಮೊಗ್ಗು ಬಿಟ್ಟು ಉಳಿದವನ್ನು ಚಿವುಟಿದರೆ ಹೂ ದೊಡ್ಡದು. ಜನವರಿಯಲ್ಲಿ ಮೊಗ್ಗು ಅರಳದೇ ಉದುರಿದರೆ ಜನವರಿಯನ್ನು ದೂರಬೇಡಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೊಗ್ಗು ಕಟ್ಟುವಾಗ ಬೇರು ಒಣಗಿತ್ತೇ ಎಂದು ನೆನಪಿಸಿಕೊಳ್ಳಿ.