ಹುಬ್ಬಳ್ಳಿ ಟ್ರಾವೆಲ್ಸ್‌ನವರ ನೇಪಾಳ ಟೂರ್: ಊಟಕ್ಕ 5 ಸ್ಟಾರ್, ಕಾಗದಪತ್ರಕ್ಕ ಸೊನ್ನಿ

ಹೆಸರು ಹಾಕಂಗಿಲ್ರಿ, ಮೊದಲೇ ಹೇಳ್ತೀನಿ. ಆ ಟ್ರಾವೆಲ್ಸ್‌ನವ್ರು ನಮ್ಮ ಮನಿಯವರಿಗೆ ಪರಿಚಯ, ಮದುವಿ ಮುಂಜಿವಿ ಅಂದ್ರ ಎದುರಾಗ್ತಾರ, ಇದನ್ನ ಓದಿ ಅವ್ರು ಮುಖ ತಿರುವಿದ್ರ ಮನ್ಯಾಗ ಬೈಸಿಕೊಳ್ಳಾಕಿ ನಾನು. ಕಾಶಿ, ನೇಪಾಳ ಅಂತ ಕರಕೊಂಡು ಹೋಗೋರು ಹುಬ್ಬಳ್ಳ್ಯಾಗ ಬೇಕಾದಷ್ಟು ಮಂದಿ ಅದಾರ, ಇವ್ರು ಯಾರು ಅಂತ ಹುಡುಕೂದು ಬ್ಯಾಡ, ಏನಾತು ಅಂತ ಓದ್ರಿ ಸಾಕು.

ನಾವು ಹೋಗಿದ್ದು 2024ರ ಮೇ ತಿಂಗಳು. ಮಗಳ ಎಸ್ಸೆಸ್ಸೆಲ್ಸಿ ಮುಗದಿತ್ತು, ಮಾವಾರಿಗೆ ಮುಕ್ತಿನಾಥ ನೋಡಬೇಕು ಅಂತ ಭಾಳ ವರ್ಷದ ಆಸೆ, ಸೂಟಿನೂ ಇತ್ತು. ಹತ್ತು ದಿನದ ಪ್ಯಾಕೇಜು, ತಲಿಗೆ 38,500, ಹುಬ್ಬಳ್ಳಿಯಿಂದ ದೆಹಲಿಗೆ ರೈಲು, ಅಲ್ಲಿಂದ ಕಾಠ್ಮಂಡುಗೆ ವಿಮಾನ, ಆಮ್ಯಾಲ ಪೋಖರಾ, ಮುಕ್ತಿನಾಥ. ಪಾಂಪ್ಲೆಟ್ಟಿನ್ಯಾಗ ಕೆಂಪಕ್ಷರದಾಗ ಬರದಿದ್ರು: ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಆಧಾರ ಒಂದಿದ್ರ ಸಾಕು. ನಮ್ಮನಿಯವ್ರು ಅದನ್ನ ನೋಡೇ ಅಡ್ವಾನ್ಸ್ ಕೊಟ್ಟು ಬಂದ್ರು.

ಮೊದಲಿನ ಎರಡು ಮಾತು ಖರೇನ ಅವು. 1950ರ ಒಪ್ಪಂದದಿಂದ ಇವತ್ತಿನ ತನಕ ನಮಗ ನೇಪಾಳಕ್ಕ ಹೋಗಾಕ ವೀಸಾ ಬೇಕಾಗಿಲ್ಲ, ಪಾಸ್‌ಪೋರ್ಟೂ ಕಡ್ಡಾಯ ಇಲ್ಲ. ಮೂರನೇ ಮಾತಿನ್ಯಾಗೇ ಎಲ್ಲಾ ಕೆಟ್ಟಿದ್ದು. ವಿಮಾನದಾಗ ಹೋಗೋರು ಪಾಸ್‌ಪೋರ್ಟ್ ತೋರಿಸಬೇಕು, ಇಲ್ಲಾ ಚುನಾವಣಾ ಆಯೋಗ ಕೊಟ್ಟಿರೋ ಓಟರ್ ಕಾರ್ಡ್ ತೋರಿಸಬೇಕು. ಆಧಾರ ನಡಿಯೂದು 15ರ ಒಳಗಿನ ಹುಡುಗರಿಗೆ ಮತ್ತ 65 ದಾಟಿದವರಿಗೆ ಅಷ್ಟ. ನಡುವಿನ ನಮ್ಮಂಥವರಿಗೆ ಇಲ್ಲ. ಯಾಕಂದ್ರ ಆಧಾರ ಇಲ್ಲಿ ವಾಸ ಇರೋ ಯಾರಿಗೆ ಬೇಕಾದ್ರೂ ಸಿಗತೈತಿ, ಅದು ನಾಗರಿಕತ್ವಕ್ಕ ಪುರಾವೆ ಅಲ್ಲ, ಓಟರ್ ಕಾರ್ಡ್ ಹಂಗಲ್ಲ ನೋಡ್ರಿ, ಈ ದೇಶದ ಪ್ರಜೆಗೆ ಮಾತ್ರ ಕೊಡ್ತಾರ.

ಇದು ನನಗೂ ಗೊತ್ತಿದ್ದಿಲ್ಲ. ಹೋಗೂದು ಒಂಬತ್ತು ದಿನ ಐತಿ ಅನ್ನೋವಾಗ ಟಿಕೇಟಿನ ಕೆಳಗಿನ ಸಣ್ಣ ಅಕ್ಷರ ಓದ್ಕೋತ ಕುಂತಿದ್ದೆ, ಅಲ್ಲಿ ಬರದಿತ್ತು. ಎದಿ ಧಸಕ್ ಅಂತು. ಫೋನ್ ಮಾಡಿದ್ರ ಟ್ರಾವೆಲ್ಸ್‌ನವ್ರು ನಕ್ಕು "ಅಯ್ಯ ಅಕ್ಕಾರ, ನೇಪಾಳ ಅಂದ್ರ ನಮ್ಮ ಬೆಳಗಾಂವಿ ಇದ್ದಂಗ್ರಿ, ಯಾರೂ ಏನೂ ಕೇಳಂಗಿಲ್ಲ, ಆರಾಮ ಇರ್ರಿ" ಅಂದ್ರು. ನಾನು ಆರಾಮ ಇರಲಿಲ್ಲ.

ಈಗ ನಮ್ಮ ಮನಿ ಲೆಕ್ಕ ಕೇಳ್ರಿ, ಆರು ಮಂದಿ, ಒಬ್ಬೊಬ್ಬರದು ಒಂದೊಂದು ಕಥಿ. ಮಾವಾರಿಗೆ 71, ಆಧಾರ ನಡಿತೈತಿ, ಚಿಂತಿಲ್ಲ. ಮಗನಿಗೆ 11, ಅವನದೂ ಆಧಾರ ಸಾಕು. ಮನಿಯವರದು ಪಾಸ್‌ಪೋರ್ಟ್ ಐತಿ, ಆಫೀಸಿನವ್ರು ಒಮ್ಮೆ ದುಬೈಗೆ ಕಳಿಸ್ತೀವಿ ಅಂತ ಮಾಡಿಸಿದ್ದು (ಕಳಿಸಲಿಲ್ಲ). ಅತ್ತಿಯವ್ರು ಖರೇ ಅಂದ್ರ 67 ಇಲ್ಲಾ 68, ಆದ್ರ ಆಧಾರದಾಗ ಹುಟ್ಟಿದ ತಾರೀಖು 01-01-1960 ಅಂತ ಕುಂತೈತಿ, ನಮ್ಮ ಕಡೆ ಅರ್ಧ ಊರಿನ ಹಿರ್ಯಾರು ಜನವರಿ ಒಂದಕ್ಕೇ ಹುಟ್ಟ್ಯಾರಲ್ಲ, ಹಂಗ. ಅಂದ್ರ ಕಾಗದದ ಪ್ರಕಾರ 64. ಒಂದು ವರ್ಷ ಕಮ್ಮಿ ಬಿದ್ದು ಆಧಾರ ಉಪಯೋಗಕ್ಕ ಬರಲಿಲ್ಲ. ಪುಣ್ಯಕ್ಕ ಅತ್ತಿಯವ್ರು ಓಟರ್ ಕಾರ್ಡನ್ನ ಬಿಸ್ಕೀಟ್ ಡಬ್ಬ್ಯಾಗ ಬಂಗಾರ ಇಟ್ಟಂಗ ಇಟ್ಟಿದ್ರು.

ನನ್ನ ಓಟರ್ ಕಾರ್ಡ್ ಗದಗದಾಗ ತವರುಮನ್ಯಾಗ. ಮಜಾ ನೋಡ್ರಿ, ಅದಕ್ಕೂ ಸ್ವಲ್ಪ ದಿನ ಮೊದಲು, ಮೇ 7ಕ್ಕ, ನಾನು ಲೋಕಸಭಾಕ್ಕ ಓಟ್ ಹಾಕಿ ಬಂದಿದ್ದೆ, ಬೂತಿನ್ಯಾಗ ತೋರಿಸಿದ್ದು ಆಧಾರ. ಓಟ್ ಹಾಕಾಕ ಆಧಾರ ನಡಿತೈತಿ, ನೇಪಾಳಕ್ಕ ಹೋಗಾಕ ಓಟರ್ ಕಾರ್ಡೇ ಬೇಕು! ಮರುದಿನ ಗದಗಕ್ಕ ಹೋದೆ, ಅವ್ವನ ಟ್ರಂಕಿನ್ಯಾಗ ಎಲ್‌ಐಸಿ ಬಾಂಡಿನ ಜೋಡಿ ಸಿಕ್ತು, ಸಿಕ್ಕ ಖುಷಿಗೆ ಸ್ಟೇಶನ್ ಹೊರಗ ಎರಡು ಪ್ಲೇಟ್ ಬದನಿಕಾಯಿ ಬಜಿ ತಿಂದೆ (ಗದಗಕ್ಕ ಹೋಗಿ ಬಜಿ ತಿನ್ನದ ಬಂದ್ರ ಅದು ಗದಗಕ್ಕ ಹೋದಂಗ ಅಲ್ಲ). ರೈಲಿನ್ಯಾಗ ಕುಂತು ಕಾರ್ಡ್ ತಗದು ನೋಡ್ತೀನಿ, ಅಡ್ಡಹೆಸರು ತವರುಮನಿದು! ಟಿಕೇಟ್ ಆಗಿದ್ದು ಆಧಾರದ ಮ್ಯಾಲ, ಗಂಡನ ಮನಿ ಅಡ್ಡಹೆಸರಿಂದ. ಮತ್ತ ಫೋನು, ಮತ್ತ ಗಡಬಡಿ, ಹೆಸರು ತಿದ್ದಾಕ ಏರ್‌ಲೈನ್‌ಗೆ 1,500 ಕಟ್ಟಿದ್ವಿ. ಅದನ್ನೂ ಟ್ರಾವೆಲ್ಸ್‌ನವ್ರು ನಮ್ಮ ಕಡೇನ ಇಸ್ಕೊಂಡ್ರು.

ಎಲ್ಲಕ್ಕಿಂತ ತ್ರಾಸ ಆಗಿದ್ದು ಮಗಳದು. 16 ವರ್ಷ. ಓಟರ್ ಕಾರ್ಡ್ ಬರೋ ವಯಸ್ಸಲ್ಲ, ಆಧಾರ ನಡಿಯೋ ವಯಸ್ಸೂ ದಾಟೈತಿ. 15ರಿಂದ 18ರ ನಡುವಿನ ಮಕ್ಕಳಿಗೆ ಶಾಲಿ ಪ್ರಿನ್ಸಿಪಾಲರು ಗುರುತಿನ ಸರ್ಟಿಫಿಕೇಟ್ ಕೊಡಬೇಕು, ಅದಕ್ಕೊಂದು ಫಾರ್ಮ್ಯಾಟ್ ಐತಿ. ಆಕಿ ಶಾಲಿ ಬಿಟ್ಟಾಳ, ಕಾಲೇಜಿಗೆ ಇನ್ನೂ ಸೇರಿಲ್ಲ, ಯಾವ ಪ್ರಿನ್ಸಿಪಾಲರ ಹತ್ರ ಹೋಗೂದು? ಹಳೇ ಶಾಲಿಗೇ ಹೋದ್ವಿ, ಸೂಟಿ, ಕ್ಲರ್ಕ್ ಒಬ್ಬರೇ ಕುಂತಿದ್ರು, ಅವ್ರು "ಟಿಸಿ ಕೊಟ್ಟಮ್ಯಾಲ ನಾವು ಹೆಂಗ ಕೊಡೋದ್ರಿ" ಅಂದ್ರು, ಟಿಸಿ ಇನ್ನೂ ಇಸ್ಕೊಂಡಿಲ್ರಿ ಸರ್ ಅಂದೆ, ಹಂಗಾದ್ರ ಇನ್ನೂ ನಮ್ಮ ಹುಡುಗಿನ ಅಂತ ನಕ್ಕು ಹೆಡ್‌ಮಾಸ್ತರಿಗೆ ಫೋನ್ ಹಚ್ಚಿದ್ರು. ಹೆಡ್‌ಮಾಸ್ತರು ಮರುದಿನ ಧಾರವಾಡದಿಂದ ಬಂದು, ಫೋಟೋ ಅಂಟಿಸಿ, ಅದರ ಮ್ಯಾಲ ಸಿಕ್ಕಾ ಬರೋಹಂಗ ಸಹಿ ಮಾಡಿಕೊಟ್ರು, ಒಂದು ಕಪ್ ಚಾನೂ ಕುಡೀಲಿಲ್ಲ. ಅವರಿಗೆ ನನ್ನ ಕಡೆಯಿಂದ ಹತ್ತು ಸ್ಟಾರ್.

ಇದರ ನಡುವ ಇನ್ನೊಂದು ಸಾಲು ಓದಿದೆ: ಮನಿಮಂದಿ ಕೂಡಿ ಹೊಂಟಿದ್ರ, ದೊಡ್ಡವರೊಬ್ಬರ ಹತ್ರ ಪಾಸ್‌ಪೋರ್ಟೋ ಓಟರ್ ಕಾರ್ಡೋ ಇದ್ರ, ಉಳಿದವ್ರು ಫೋಟೋ ಮತ್ತ ಸಂಬಂಧ ತೋರಿಸೋ ದಾಖಲಿ, ಅಂದ್ರ ರೇಷನ್ ಕಾರ್ಡ್, ಲೈಸೆನ್ಸ್, ಶಾಲಿ ಐಡಿ ಇಂಥಾವು ಇಟ್ಕೊಂಡು ಹೋಗಬಹುದು ಅಂತ. ನಮ್ಮನಿಯವ್ರು "ನೋಡು, ಸುಮ್ಮನ ಗದಗಕ್ಕ ಓಡಿದಿ" ಅಂದ್ರು. ನಾನು ರೇಷನ್ ಕಾರ್ಡೂ ಚೀಲದಾಗ ಹಾಕ್ಕೊಂಡೆ, ಆದ್ರ ಅದೊಂದನ್ನೇ ನಂಬಿ ಏರ್‌ಪೋರ್ಟಿಗೆ ಹೋಗೋ ಧೈರ್ಯ ನನಗಿಲ್ಲಪ್ಪ. ನಾವು ಓದಿದ್ದನ್ನ ಕೌಂಟರಿನ್ಯಾಗ ನಿಂತ ಹುಡುಗಾನೂ ಓದಿರಬೇಕಲ್ಲ.

ಇನ್ನು ದೆಹಲಿ. ನಮ್ಮ ಗುಂಪಿನ್ಯಾಗ ಹಾವೇರಿಯಿಂದ ಗಂಡ ಹೇಣ್ತಿ ಬಂದಿದ್ರು, ಅಣ್ಣಾರಿಗೆ 53 ಇರಬೇಕು, ಅಕ್ಕಾರಿಗೆ 47. ರೈಲಿನ್ಯಾಗ ಎರಡು ದಿನ ನಮಗ ಚಕ್ಕುಲಿ ಕೊಟ್ಟಿದ್ದೇ ಕೊಟ್ಟಿದ್ದು. ಇಬ್ಬರ ಹತ್ರಾನೂ ಆಧಾರ ಮಾತ್ರ, ಟ್ರಾವೆಲ್ಸ್‌ನವ್ರು ಹೇಳಿದ್ದು ಅದನ್ನೇ. ಓಟರ್ ಕಾರ್ಡ್ ಹಾವೇರ್ಯಾಗ ಕಪಾಟಿನ್ಯಾಗ. ಕೌಂಟರಿನ ಹುಡುಗಿ ಆಗಂಗಿಲ್ಲ ಅಂದ್ಲು. ಫೋನಿನ್ಯಾಗ ಮಗನ ಕಡೆಯಿಂದ ಓಟರ್ ಕಾರ್ಡಿನ ಫೋಟೋ ತರಿಸಿ ತೋರಿಸಿದ್ರು, ಒರಿಜಿನಲ್ಲೇ ಬೇಕು ಅಂದ್ಲು. ಆವಾಗ ಅಕ್ಕಾರು ಎಡಗೈ ತೋರುಬೆರಳು ಮುಂದ ಹಿಡದು, ಉಗುರಿನ ಮ್ಯಾಲ ಓಟಿನ ಶಾಯಿ ಇನ್ನೂ ಕರ್ರಗ ಇತ್ತು, "ಮೊನ್ನೆ ಓಟ್ ಹಾಕೇನವ್ವಾ, ಇದಕ್ಕಿಂತ ಪುರಾವೆ ಏನು ಬೇಕು ನಿನಗ" ಅಂದ್ರು ಕನ್ನಡದಾಗೇ. ಆ ಹುಡುಗಿಗೆ ಭಾಷೆ ತಿಳಿಲಿಲ್ಲ, ಬೆರಳು ನೋಡಿ ಏನಂತ ತಿಳಿದಿರಬೇಕು, ತಲಿ ಕೆಳಗ ಹಾಕಿದ್ಲು. ಆಕಿ ತಪ್ಪೂ ಅಲ್ಲ ಅದು.

ಅವರಿಬ್ಬರೂ ಅಲ್ಲೇ ಉಳದ್ರು. ಗುಂಪಿನ ಜೋಡಿ ಬಂದಿದ್ದ ಮ್ಯಾನೇಜರ್ ಹುಡುಗ ಓನರಿಗೆ ಫೋನ್ ಹಚ್ಚಿದಾ, ಓನರ್ ಎತ್ತಲಿಲ್ಲ, ನಮ್ಮ ವಿಮಾನ ಹೊಂಟತು. ಆಮ್ಯಾಲ ಅವ್ರು ತಮ್ಮ ರೊಕ್ಕದಾಗ ಹರಿದ್ವಾರಕ್ಕ ಹೋಗಿ ಗಂಗಾಸ್ನಾನ ಮಾಡಿ ಊರಿಗೆ ಬಂದ್ರಂತ. ನನಗ ಇವತ್ತಿಗೂ ಚುಚ್ಚತೈತಿ, ಒಂಬತ್ತು ದಿನ ಮೊದಲೇ ನನಗ ಗೊತ್ತಾಗಿತ್ತು, ವಾಟ್ಸಾಪ್ ಗ್ರೂಪಿನ್ಯಾಗ ನಾನೇ ಎಲ್ಲಾರಿಗೂ ಬರದು ಹಾಕಬೇಕಿತ್ತು. ಟ್ರಾವೆಲ್ಸ್‌ನವರಿಗೆ ಹೇಳಿದ್ದೆ, ಅವ್ರು ಗ್ರೂಪಿಗೆ ಹಾಕಿದ್ದು "ಐಡಿ ಪ್ರೂಫ್ ಮರೀಬ್ಯಾಡ್ರಿ" ಅಂತ ಒಂದು ಸಾಲು, ಜೋಡಿ ಒಂದು ಗುಲಾಬಿ ಹೂವಿನ ಚಿತ್ರ. ಪರಿಚಯದವ್ರು, ನಡುವ ಬಾಯಿ ಹಾಕಬ್ಯಾಡ ಅಂತ ಮನಿಯವ್ರು ಅಂದ್ರು, ನಾನೂ ಸುಮ್ಮನಾದೆ.

ಟೂರ್ ಹೆಂಗಿತ್ತು ಅಂದ್ರ, ಸುಳ್ಳು ಹೇಳಬಾರದು, ಭಾಳ ಚೊಲೋ ಇತ್ತು. ಅಡಗಿಯವ ನಮ್ಮ ಕಡೆಯವನ, ಪೋಖರಾದಾಗ ಮಳಿ ಸುರಿಯೋವಾಗ ಲಾಜಿನ ಹಿಂದ ಗ್ಯಾಸ್ ಹಚ್ಚಿ ಬಿಸಿ ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಮಾಡಿ ಹಾಕಿದಾ. ಹಿಟ್ಟು ಹುಬ್ಬಳ್ಳಿಯಿಂದನ ಹೊತ್ತುಕೊಂಡು ಬಂದಿದ್ನಂತ. ಮುಕ್ತಿನಾಥ 3,700 ಮೀಟರಿನ ಮ್ಯಾಲ ಐತಿ, ಅಲ್ಲಿ ಉಸಿರು ಹಿಡಿತೈತಿ, ಮಾವಾರು ಹತ್ತು ಹೆಜ್ಜಿ ನಡದು ಎರಡು ನಿಮಿಷ ಕುಂದರೋರು, ಮ್ಯಾನೇಜರ್ ಹುಡುಗ ಅವರ ಕೈ ಬಿಡಲೇ ಇಲ್ಲ. ಅನ್ನಪೂರ್ಣಾ ಕಡೆ ಹೋಗಾಕ ಪರ್ಮಿಟ್ ಬೇಕು, ಅದನ್ನ ಅವರೇ ಮಾಡಿಸಿದ್ರು, ನಾವು ಫೋಟೋ ಕೊಟ್ಟಿದ್ದಷ್ಟ. ಪಶುಪತಿನಾಥದಾಗ ಪೂಜಿ ಮಾಡೋ ಭಟ್ಟರು ಕರ್ನಾಟಕದ ಕಡೆಯವ್ರು ಅಂತ ಗೊತ್ತಾಗಿದ್ದೇ ತಡ, ಅತ್ತಿಯವ್ರು ಆ ಗದ್ದಲದಾಗ "ಯಾವೂರ್ರಿ ನಿಮ್ದು" ಅಂತ ಒದರಿದ್ರು, ಯಾರಿಗೂ ಕೇಳಿಸಲಿಲ್ಲ.

ರೊಕ್ಕದ ವಿಷಯಾನೂ ಇವ್ರು ಸರಿಯಾಗಿ ಹೇಳಿದ್ದಿಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60, ಅದು ಬದಲಾಗಂಗಿಲ್ಲ. ಆದ್ರ ನಾವು ಹೋದಾಗ ನಮ್ಮ 100ರ ತನಕದ ನೋಟು ಮಾತ್ರ ನಡೀತಿದ್ವು, 2018ರ ಡಿಸೆಂಬರಿನ್ಯಾಗೇ ನೇಪಾಳದವ್ರು ಅದರ ಮ್ಯಾಲಿನ ನೋಟು ಬಂದ್ ಮಾಡಿದ್ರಂತ. ಮನಿಯವರ ಕಿಸೇದಾಗ ಬರೀ 500ರ ಗರಿಗರಿ ನೋಟು! ಕಾಠ್ಮಂಡುದಾಗ ಒಂದು ಅಂಗಡ್ಯಾಗ ಯುಪಿಐ ನಡೀತು, ಆ ವರ್ಷಾನ ಮಾರ್ಚಿನ್ಯಾಗ ಶುರು ಆಗಿತ್ತಂತ, ಅಲ್ಲಿಗೆ ಬಚಾವ್. ಅವರ ಗಡಿಯಾರ ನಮಗಿಂತ 15 ನಿಮಿಷ ಮುಂದ, ಇದನ್ನೂ ಯಾರೂ ಹೇಳದ ಮೊದಲನೇ ದಿನ ನಮ್ಮಿಂದ ಬಸ್ ಕಾಯ್ತು, ಮಂದಿ ಕಣ್ಣು ಕೆಂಪು ಮಾಡಿದ್ರು.

ವಾಪಸ್ ಬಂದಮ್ಯಾಲ ಹಾವೇರಿಯವ್ರು ರಿಫಂಡ್ ಕೇಳಾಕ ಹೋದ್ರ, ರಸೀದಿ ಹಿಂದ ಬರದೈತಿ ನೋಡ್ರಿ, ದಾಖಲಾತಿ ಗಿರಾಕಿ ಜವಾಬ್ದಾರಿ ಅಂತ ತೋರಿಸಿದ್ರಂತ. ಅಣ್ಣಾರು ಆ ಕೆಂಪಕ್ಷರದ ಪಾಂಪ್ಲೆಟ್ ಜೋಪಾನ ಇಟ್ಟಿದ್ರು, ಅದನ್ನ ಟೇಬಲ್ ಮ್ಯಾಲ ಇಟ್ಟಾಗ ಓನರ್ ಧ್ವನಿ ಸಣ್ಣ ಆತಂತ. 77,000ದಾಗ 30,000 ವಾಪಸ್ ಬಂತು, ಅದೂ ಮೂರು ಕಂತಿನ್ಯಾಗ. ಪಾಂಪ್ಲೆಟ್ ಒಗಿಬ್ಯಾಡ್ರಿ, ಅಷ್ಟ ಹೇಳ್ತೀನಿ.

ಅವರ ಹೊಸ ಪಾಂಪ್ಲೆಟ್ಟೂ ನೋಡೇನಿ, ಈಗ ಭೂತಾನ್, ಥಾಯ್ಲೆಂಡ್, ಮಲೇಷ್ಯಾ ಎಲ್ಲಾನೂ ಒಂದ ಪೆಟ್ಟಿಗ್ಯಾಗ ಹಾಕಿ "ವೀಸಾ ಇಲ್ಲದ ದೇಶಗಳು" ಅಂತ ಬರದಾರ. ನಮ್ಮ ಓಣ್ಯಾಗ ಒಬ್ರು ಇದನ್ನ ಓದಿ ಮಲೇಷ್ಯಾಕ್ಕೂ ಓಟರ್ ಕಾರ್ಡ್ ಸಾಕೇನು ಅಂತ ಕೇಳಿದ್ರು. ವೀಸಾ ಬ್ಯಾಡ ಅಂದ್ರ ಪಾಸ್‌ಪೋರ್ಟೂ ಬ್ಯಾಡ ಅಂತ ತಿಳ್ಕೊಳ್ಳೂದು ತಪ್ಪು, ಓಟರ್ ಕಾರ್ಡ್ ಮ್ಯಾಲ ಹೋಗಬಹುದಾದ್ದು ನೇಪಾಳ, ಭೂತಾನ್ ಅಷ್ಟ, ಭೂತಾನಿನ್ಯಾಗ ನಮ್ಮ ಮಂದಿ ರಾತ್ರಿಗೆ ತಲಿಗೆ 1,200 ರೂಪಾಯಿ ಬ್ಯಾರೆ ಕಟ್ಟಬೇಕು. ಮಲೇಷ್ಯಾಕ್ಕ ಆರು ತಿಂಗಳು ಬಾಕಿ ಇರೋ ಪಾಸ್‌ಪೋರ್ಟ್ ಬೇಕು, 2026ರ ಕೊನಿ ತನಕ 30 ದಿನಕ್ಕ ವೀಸಾ ಬ್ಯಾಡ ಅಂದಾರ, ಹೋಗೂ ಮೊದಲಿನ ಮೂರು ದಿನದೊಳಗ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು. ಥಾಯ್ಲೆಂಡಿಗೂ 2025ರ ಮೇ 1ರಿಂದ ಅಂಥಾದ್ದೇ ಕಾರ್ಡ್ ಐತಿ. ಎರಡೂ ಸರ್ಕಾರಿ ಸೈಟಿನ್ಯಾಗ ಪುಗಸಟ್ಟೆ. ಇವ್ರು ಅದಕ್ಕ ತಲಿಗೆ 500 ಹಚ್ಚ್ಯಾರ.

ಒಟ್ಟು ನನ್ನ ಮಾರ್ಕ್ಸ್: ಊಟ 5, ಬಸ್ಸು ಡ್ರೈವರ್ 4, ಲಾಜು 3 (ಪೋಖರಾದಾಗ ಬಿಸಿನೀರು ಬರಲಿಲ್ಲ), ಮ್ಯಾನೇಜರ್ ಹುಡುಗ 5, ಆಫೀಸು 0.

ಮೊನ್ನೆ ಹಾವೇರಿ ಅಕ್ಕಾರು ಫೋನ್ ಮಾಡಿದ್ರು. ಇಬ್ಬರೂ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕ ಬಂದು, 1,500 ಫೀ ಕಟ್ಟಿ, ಪೊಲೀಸ್ ವೆರಿಫಿಕೇಶನ್ ಮುಗಿಸಿ ಪಾಸ್‌ಪೋರ್ಟ್ ಮಾಡಿಸ್ಯಾರ. ಅಣ್ಣಾರದರಾಗ ಏನೂ ಇಲ್ಲ, ತಮ್ಮದರಾಗ ಇಸಿಆರ್ (ದೇಶ ಬಿಟ್ಟು ಹೋಗೋ ಮೊದಲು ಎಮಿಗ್ರೇಶನ್ ತಪಾಸಣಿ ಬೇಕು) ಅಂತ ಬಂದೈತಿ, ಮಲೇಷ್ಯಾಕ್ಕ ಬಿಡಂಗಿಲ್ಲೇನು ಅಂತ ಅವರಿಗೆ ಅಂಜಿಕಿ. ಹತ್ತನೇತ್ತ ಪಾಸಾಗದ, ವಯಸ್ಸೂ 50 ದಾಟದ ಮಂದಿಗೆ ಅದು ಬರತೈತ್ರಿ ಅಕ್ಕಾರ, ಕೆಲಸಕ್ಕಂತ ಹೋಗೋರಿಗೆ ಅದರ ತಪಾಸಣಿ, ನೀವು ತಿರುಗಾಡಾಕ ಹೋಗೋರು, ವಾಪಸ್ ಬರೋ ಟಿಕೇಟ್ ಕೈಯಾಗ ಇಟ್ಕೊಂಡ್ರ ಆತು ಅಂದೆ. ಈ ಸಲ ಟ್ರಾವೆಲ್ಸ್ ಬ್ಯಾಡ, ನಾವು ನಾವೇ ಹೋಗೂಣು, ಕಾಗದ ಎಲ್ಲಾ ನೀ ನೋಡ್ಕೊ ಅಂದ್ರು. ಹೂಂ ಅಂದೆ. ಸ್ವಲ್ಪ ತಡದು, "ಅಲ್ಲ ತಂಗಿ, ಆ ಅಡಗಿಯವನ ನಂಬರ್ ಐತೇನ ನಿನ್ನ ಹತ್ರ? ಎಣ್ಣಿಗಾಯಿ ಭಾಳ ಚೊಲೋ ಇತ್ತು ಅಂತ ಹೇಳಿದ್ದೆಲ್ಲ" ಅಂದ್ರು.

ಐತಿ, ಕಳಿಸೇನಿ.