ಮೈನಸ್ ಒಂದು, ಮೈನಸ್ ಎರಡು: ನಾಲ್ಕು ವರ್ಷದಿಂದ ನನ್ನ ಕಾಲಡಿ ಇರುವ ಪಿಚ್ ಪೆಡಲ್

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವರಿಗೆ ಒಂದು ಸನ್ನೆ ಚೆನ್ನಾಗಿ ಗೊತ್ತು. ಹಾಡು ಶುರುವಾಗುವ ಮುಂಚೆ ಗಾಯಕಿ ಬಂದು ಕೀಬೋರ್ಡ್‌ನವರ ಕಿವಿಯಲ್ಲಿ ಏನೋ ಹೇಳುತ್ತಾರೆ. ಅವರು ನಮ್ಮ ಕಡೆ ತಿರುಗಿ ಒಂದು ಬೆರಳು ಕೆಳಗೆ ತೋರಿಸುತ್ತಾರೆ. ಅಂದರೆ, ಇವತ್ತು ಗಂಟಲು ಸರಿಯಿಲ್ಲ, ಒಂದು ಸ್ಕೇಲ್ (ಅರ್ಧ ಸ್ವರ) ಇಳಿಸಿ, ಮೈನಸ್ ಒಂದು. ಎರಡು ಬೆರಳು ತೋರಿಸಿದರೆ ಮೈನಸ್ ಎರಡು. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಅವರ ಕೆಲಸ ಮುಗಿಯಿತು. ಗಿಟಾರ್‌ನವರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸಿಕೊಳ್ಳುತ್ತಾರೆ. ಕಷ್ಟ ಬರುವುದು ಬೇಸ್‌ಗೆ.

ಒಂದು ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ, ಒಂದಕ್ಕೆ ಅರ್ಧ ಸ್ವರ) ಹಿಂದೆ ಸರಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಡು ಎ ಅಥವಾ ಜಿ ಸ್ಕೇಲ್‌ನಲ್ಲಿದ್ದರೆ ಸಾಕು. ಇ ಸ್ಕೇಲ್‌ನಲ್ಲಿದ್ದರೆ ಸಾಲದು. ನಾಲ್ಕು ತಂತಿಯ ಬೇಸ್‌ನಲ್ಲಿ ಇ ತಂತಿಯೇ ತಳ. ಬೆರಳು ಒತ್ತದೆ, ಅಂದರೆ ಓಪನ್ ಆಗಿ, ಮೀಟಿದರೆ ಅದು 41.2 ಹರ್ಟ್ಸ್. ಅದಕ್ಕಿಂತ ಕೆಳಗೆ ಹೋಗಲು ಫ್ರೆಟ್ಟೇ ಇಲ್ಲ. ಇ ಫ್ಲ್ಯಾಟ್ (ಇ ಗಿಂತ ಅರ್ಧ ಸ್ವರ ಕೆಳಗೆ) ಬೇಕು ಅಂದರೆ ಎ ತಂತಿಯ ಆರನೇ ಫ್ರೆಟ್‌ಗೆ ಹೋಗಬೇಕು. ಅಲ್ಲಿ ಸಿಗುವುದು ಒಂದು ಆಕ್ಟೇವ್ (ಸ್ಥಾಯಿ) ಮೇಲಿನ ಸ್ವರ. ಸ್ವರ ಸರಿ, ತೂಕ ಇಲ್ಲ. ಎದುರು ಕೂತವರಿಗೆ ಏನು ಕಮ್ಮಿಯಾಯಿತು ಅಂತ ಹೇಳಲು ಬರುವುದಿಲ್ಲ. ಆದರೆ ಏನೋ ಕಮ್ಮಿಯಾಗಿದೆ ಅಂತ ಗೊತ್ತಾಗುತ್ತದೆ.

ಐದು ತಂತಿಯ ಬೇಸ್ ತಗೋ, ಅದರಲ್ಲಿ ಇ ಗಿಂತ ಕೆಳಗೆ ಇನ್ನೊಂದು ತಂತಿ ಇರುತ್ತದೆ ಅಂದರು. ನೋಡಿದೆ. ಒಂದು ಒಳ್ಳೆಯ ಐದು ತಂತಿ ನನ್ನ ಬಜೆಟ್‌ಗೆ ಆಗುವಂಥದ್ದಲ್ಲ. ಅದರ ಕುತ್ತಿಗೆ ಅಗಲ, ನನ್ನ ಕೈ ಚಿಕ್ಕದು. ಹದಿನೈದು ವರ್ಷದಿಂದ ಒಂದೇ ಬೇಸ್ ನುಡಿಸಿದ್ದೇನೆ. ಅದರ ಒಂದೊಂದು ಫ್ರೆಟ್ ಎಲ್ಲಿ ಸವೆದಿದೆ ಅಂತ ಬೆರಳಿಗೆ ಗೊತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಹನ್ನೊಂದು ಸಾವಿರಕ್ಕೆ ಒಂದು ಪಿಚ್ ಪೆಡಲ್ ತಗೊಂಡೆ. ಒಂದು ನಾಬ್, ಒಂದು ಸ್ವಿಚ್. ನಾಬ್‌ನಲ್ಲಿ ಎಷ್ಟು ಇಳಿಸಬೇಕು ಅಂತ ಇಟ್ಟು ಕಾಲಲ್ಲಿ ಒತ್ತಿದರೆ ನಾಲ್ಕೂ ತಂತಿ ಒಟ್ಟಿಗೆ ಇಳಿಯುತ್ತವೆ. ತಂತಿ ಸಡಿಲ ಮಾಡಬೇಕಾಗಿಲ್ಲ, ಶಬ್ದ ಮಾತ್ರ ಇಳಿಯುತ್ತದೆ. ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ. ಯಾಕೆಂದರೆ ನಾನು ಹೇಳುವ ತೊಂದರೆ ಒಂದು ಕಂಪನಿಯದ್ದಲ್ಲ, ಈ ಕೆಲಸದ್ದೇ.

ಮೊದಲು ಒಳ್ಳೆಯದು ಹೇಳುತ್ತೇನೆ. ಪೆಡಲ್ ತಂದ ವಾರವೇ ಮಂಡ್ಯ ಕಡೆ ಒಂದು ಗಣೇಶನ ಪೆಂಡಾಲ್‌ನಲ್ಲಿ ಪ್ರೋಗ್ರಾಂ. ಮೂರನೇ ಹಾಡಿಗೆ ಒಂದು ಬೆರಳು ಬಂತು. ಕಾಲಲ್ಲಿ ಒತ್ತಿದೆ. ಓಪನ್ ಇ ಮೀಟಿದೆ. ಇ ಫ್ಲ್ಯಾಟ್ ಬಂತು, ಪೂರ್ತಿ ತೂಕದ ಜೊತೆ. ಕೈ ಎಲ್ಲಿ ಅಭ್ಯಾಸವೋ ಅಲ್ಲೇ ಇತ್ತು. ಓಪನ್ ತಂತಿಯಿಂದ ಮೇಲಕ್ಕೆ ಜಾರುವ ನನ್ನ ಹಳೆಯ ಚಾಳಿಗಳೆಲ್ಲ ಹಾಗೇ ಉಳಿದವು. ಗಾಯಕಿ ಆರಾಮಾಗಿ ಹಾಡಿದರು. ಹಾಡು ಮುಗಿದ ಮೇಲೆ ಕೀಬೋರ್ಡ್‌ನವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವತ್ತು ನನಗೆ ಆದ ಖುಷಿ ಇನ್ನೂ ನೆನಪಿದೆ.

ತಂತಿಯನ್ನೇ ಸಡಿಲ ಮಾಡಿದರೆ ಈ ಸುಖ ಇಲ್ಲ. ಇ ಯಿಂದ ಡಿ ಗೆ ಇಳಿಸಿದರೆ ತಂತಿಯ ಬಿಗಿ ಸುಮಾರು ಐದನೇ ಒಂದು ಪಾಲು ಹೋಗುತ್ತದೆ. ತಂತಿ ಓಲಾಡುತ್ತದೆ, ಫ್ರೆಟ್‌ಗೆ ಬಡಿಯುತ್ತದೆ. ಪೆಡಲ್‌ನಲ್ಲಿ ಬಿಗಿ ಹಾಗೇ ಇರುತ್ತದೆ.

ಈಗ ನನ್ನ ದಿನಚರಿ ಹೀಗಿದೆ. ಸ್ಟೇಜ್ ಹತ್ತುವ ಮುಂಚೆ ಹಳೆಯ ಪಂಚೆಯ ತುಂಡಿನಲ್ಲಿ ತಂತಿ ಒರೆಸುತ್ತೇನೆ. ಬೇಸ್‌ನ ವೈರ್ ಮೊದಲು ಟ್ಯೂನರ್‌ಗೆ, ಅಲ್ಲಿಂದ ಪಿಚ್ ಪೆಡಲ್‌ಗೆ, ಅಲ್ಲಿಂದ ಕಂಪ್ರೆಸರ್ (ಶಬ್ದದ ಏರುಪೇರು ಸಮ ಮಾಡುವಂಥದ್ದು), ಆಮೇಲೆ ಡಿಐ ಬಾಕ್ಸ್ (ಮಿಕ್ಸರ್‌ಗೆ ಶಬ್ದ ಕಳಿಸುವಂಥದ್ದು). ಟ್ಯೂನರ್ ಮೊದಲೇ ಇರಬೇಕು, ಇದು ತಪ್ಪಬಾರದು. ಪೆಡಲ್ ಆದ ಮೇಲೆ ಟ್ಯೂನರ್ ಇಟ್ಟರೆ, ಪೆಡಲ್ ಆನ್ ಇದ್ದಾಗ ಅದು ಇಳಿದ ಸ್ವರ ತೋರಿಸುತ್ತದೆ. ನೀವು ಗಾಬರಿಯಲ್ಲಿ ಸರಿ ಇದ್ದ ತಂತಿಯನ್ನು ತಿರುಗಿಸುತ್ತೀರಿ. ನಾಬ್‌ನ ಅಂಕಿ ಸ್ಟೇಜ್ ಲೈಟ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಹೆಂಡತಿಯ ಉಗುರು ಬಣ್ಣ ತಗೊಂಡು ಮೈನಸ್ ಒಂದಕ್ಕೆ ಕೆಂಪು ಚುಕ್ಕೆ, ಎರಡಕ್ಕೆ ಬೆಳ್ಳಿ ಚುಕ್ಕೆ, ಮೂರಕ್ಕೆ ಗುಲಾಬಿ, ನಾಲ್ಕಕ್ಕೆ ನೇರಳೆ ಹಾಕಿದೆ. ಬಗ್ಗಿ ನೋಡುವುದೇ ಬೇಡ, ಕಣ್ಣು ಹಾಯಿಸಿದರೆ ಸಾಕು. ಪ್ರತಿ ಪ್ರೋಗ್ರಾಂಗೆ ಮುಂಚೆ ನಾಬ್ ಕೆಂಪು ಚುಕ್ಕೆಗೆ ತಂದು ಒಮ್ಮೆ ಒತ್ತಿ, ಓಪನ್ ಇ ಮೀಟಿ ಕೇಳುತ್ತೇನೆ. ಆ ಶಬ್ದ ಕೇಳದೆ ನನಗೆ ಸಮಾಧಾನ ಇಲ್ಲ.

ಮೊದಲ ವರ್ಷ ಹೀಗೇ ಕಳೆಯಿತು. ಆಮೇಲೆ ಗೊತ್ತಾಗುತ್ತಾ ಹೋಯಿತು.

ತಮಟೆ ಏಟಿನ ಒಂದು ಹಾಡು, ಜೋರು ಲಯ. ಮೈನಸ್ ಮೂರು. ಎರಡು ಸಾಲು ಮುಗಿಯುವಷ್ಟರಲ್ಲಿ ನಮ್ಮ ಡ್ರಮ್ಸ್ ಹುಡುಗ ನನ್ನ ಕಡೆ ನೋಡತೊಡಗಿದ. ಇಳಿದು ಬಂದ ಮೇಲೆ ಹೇಳಿದ, "ಅಣ್ಣಾ, ಇವತ್ತು ನೀವು ಸ್ವಲ್ಪ ಹಿಂದೆ ಬರ್ತಿದ್ರಿ." ನಾನು ಹಿಂದೆ ಬಂದಿರಲಿಲ್ಲ. ಮನೆಗೆ ಹೋಗಿ ರೆಕಾರ್ಡ್ ಮಾಡಿ ನೋಡಿದೆ. ಒಂದು ಚಾನೆಲ್‌ನಲ್ಲಿ ಬರಿಯ ಬೇಸ್, ಇನ್ನೊಂದರಲ್ಲಿ ಪೆಡಲ್ ದಾಟಿ ಬಂದ ಬೇಸ್. ಮೇಲಿನ ಸ್ವರಗಳಲ್ಲಿ ಎರಡೂ ಹತ್ತಿರ ಹತ್ತಿರ. ಕೆಳಗೆ ಇಳಿದ ಹಾಗೆ ಅಂತರ ಕಣ್ಣಿಗೆ ಕಾಣುತ್ತಿತ್ತು. ಇ ತಂತಿಯ ಅಲೆ ತಡವಾಗಿ ಏಳುತ್ತಿತ್ತು, ಮೊದಲ ಏಟು ಮಸುಕಾಗಿತ್ತು.

ಯಾಕೆ ಅಂತ ಅರ್ಥ ಮಾಡಿಕೊಂಡರೆ ಸಿಟ್ಟು ಕಮ್ಮಿಯಾಗುತ್ತದೆ, ಅದಕ್ಕೇ ಬರೆಯುತ್ತೇನೆ. ಪೆಡಲ್ ಬಂದ ಶಬ್ದವನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಂಡು ನಿಧಾನವಾಗಿ ಓದಿ ಹೊರಗೆ ಬಿಡುತ್ತದೆ. ನಿಧಾನ ಓದಿದರೆ ಸ್ವರ ಇಳಿಯುತ್ತದೆ. ಆದರೆ ಹಾಗೇ ಓದುತ್ತಾ ಹೋದರೆ ಹಿಂದೆ ಬೀಳುತ್ತದೆ. ಅದಕ್ಕೆ ಆಗಾಗ ಒಂದು ತುಂಡು ಹಾರಿಸಿ, ಮುಂದಿನದನ್ನು ಹೊಲಿಗೆ ಕಾಣದ ಹಾಗೆ ಸೇರಿಸಬೇಕು. ಹೊಲಿಗೆ ಕಾಣಬಾರದು ಅಂದರೆ ಅಲೆಯ ಒಂದು ಪೂರ್ತಿ ಸುತ್ತನ್ನಾದರೂ ನೋಡಿರಬೇಕು. ಓಪನ್ ಜಿ ತಂತಿಯ ಒಂದು ಸುತ್ತು ಸುಮಾರು 10 ಮಿಲಿಸೆಕೆಂಡ್. ಓಪನ್ ಇ ಯದ್ದು 24. ಸಾಮಾನ್ಯ ಗಿಟಾರ್‌ನವರಿಗೆ ಇದೇ ಪೆಡಲ್ ಸುಖ ಕೊಡುವುದು ಅದಕ್ಕೇ. ಅವರ ಅತಿ ಕೆಳಗಿನ ತಂತಿ ನಮ್ಮದಕ್ಕಿಂತ ಒಂದು ಆಕ್ಟೇವ್ ಮೇಲಿದೆ. ನನಗೆ ಬೇಜಾರಾಗುವುದು ಇಲ್ಲೇ. ಯಾವ ಕೆಳಗಿನ ಸ್ವರಕ್ಕೋಸ್ಕರ ಪೆಡಲ್ ತಂದೆನೋ, ಅದೇ ಸ್ವರದಲ್ಲಿ ಅದು ಸೋಲುತ್ತದೆ. ಮೈನಸ್ ನಾಲ್ಕಕ್ಕೆ ಇಟ್ಟು ಕೆಳಗೆ ನುಡಿಸಿದರೆ ಬೇಸ್ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಇಳಿಸದ ಶಬ್ದವನ್ನು ಸ್ವಲ್ಪ ಬೆರೆಸಿ ಏಟು ಉಳಿಸಿಕೊಳ್ಳೋಣ ಅಂದರೆ ಅದೂ ಆಗದು, ಅದು ಬೇರೆ ಸ್ವರ ಅಲ್ವಾ.

ಒಂದು ವರ್ಷ ಇದರ ಜೊತೆ ಜಗಳ ಆಡಿದ್ದೇನೆ. ಕೆಲವು ಉಪಾಯ ಸಿಕ್ಕಿವೆ. ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪೆಡಲ್‌ಗೆ ಸಂಬಂಧವೇ ಇಲ್ಲದ್ದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಪೀಕರ್ ನನ್ನಿಂದ ಮೂರು ಮೀಟರ್ ದೂರ ಇದ್ದರೆ ಅಲ್ಲೇ 9 ಮಿಲಿಸೆಕೆಂಡ್ ಹೋಯಿತು. ಅದನ್ನು ಒಂದು ಮೀಟರ್‌ಗೆ ತಂದರೆ ಸುಮಾರು ಆರು ಮಿಲಿಸೆಕೆಂಡ್ ವಾಪಸ್ ಸಿಗುತ್ತದೆ. ಸುಮ್ನೆ ಡಬ್ಬ ಎತ್ತಿ ಹತ್ತಿರ ಇಟ್ಟೆ, ಕೈಗೆ ವ್ಯತ್ಯಾಸ ತಿಳಿಯಿತು. ಡ್ರಮ್ಸ್ ಹುಡುಗನ ಪಕ್ಕಕ್ಕೇ ಹೋಗಿ ನಿಂತದ್ದೂ ಒಳ್ಳೆಯದಾಯಿತು. ಜೋರು ಹಾಡಿಗೆ ಬೆರಳು ಬಿಟ್ಟು ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿಯುತ್ತೇನೆ, ಮಿಡ್ಸ್ (ನಡುವಿನ ಸ್ವರಗಳ ಶಬ್ದ) ಸ್ವಲ್ಪ ಜಾಸ್ತಿ ಇಡುತ್ತೇನೆ. ಏಟು ಚೂಪಾಗುತ್ತದೆ.

ಕರೆಂಟ್ ವಿಚಾರ ಮರೆಯಬೇಡಿ. ಎರಡನೇ ವರ್ಷ, ನವೆಂಬರ್, ರಾಜ್ಯೋತ್ಸವದ ಪ್ರೋಗ್ರಾಂ. ಮೈನಸ್ ಒಂದರಲ್ಲಿ ನಿಧಾನದ ಹಾಡು. ಯಾರೋ ಹಿಂದೆ ಓಡಾಡುವಾಗ ಎಕ್ಸ್‌ಟೆನ್ಷನ್ ಬಾಕ್ಸ್ ಕಾಲಿಗೆ ತಾಗಿ ನನ್ನ ಅಡಾಪ್ಟರ್ ಸಡಿಲವಾಯಿತು. ಪೆಡಲ್ ಆಫ್. ಶಬ್ದ ನಿಲ್ಲಲಿಲ್ಲ, ಅದೇ ಕಷ್ಟ. ಬೇಸ್ ನೇರವಾಗಿ ಹೋಯಿತು, ಇಳಿಯದೆ. ಎಲ್ಲರೂ ಇ ಫ್ಲ್ಯಾಟ್‌ನಲ್ಲಿ, ನಾನು ಒಬ್ಬನೇ ಇ ಯಲ್ಲಿ. ಅಷ್ಟು ದೊಡ್ಡ ಸ್ಪೀಕರ್‌ಗಳಲ್ಲಿ ತಳದ ಸ್ವರವೇ ತಪ್ಪಿದರೆ ಹಾಡುವವರು ಎಲ್ಲಿ ನಿಲ್ಲಬೇಕು? ಗಾಯಕಿ ಒಂದು ಸಾಲು ತಪ್ಪಿದರು. ಬೇರೆ ತಂತಿಗಳಲ್ಲಿ ಒಂದು ಫ್ರೆಟ್ ಹಿಂದೆ ಬಂದು ಸರಿ ಮಾಡಿಕೊಂಡೆ. ಓಪನ್ ಇ ಗೆ ಹಿಂದೆ ಎಲ್ಲಿ ಹೋಗುವುದು? ಆ ರಾತ್ರಿ ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಬಿಡಿ ಅಣ್ಣಾ, ಆಗುತ್ತೆ" ಅಂದರು. ನನಗೆ ಬಿಡಲು ಆಗಲಿಲ್ಲ. ಮಾರನೇ ದಿನವೇ ಪೆಡಲ್ ಬೋರ್ಡ್‌ಗೆ ಸ್ಕ್ರೂ ಹಾಕಿ ಕೂರಿಸುವ ಪವರ್ ಸಪ್ಲೈ ತಂದೆ. ಈ ಪೆಡಲ್‌ಗಳಿಗೆ ಮಾಮೂಲಿ ಪೆಡಲ್‌ಗಿಂತ ಜಾಸ್ತಿ ಕರೆಂಟ್ ಬೇಕು. ನನ್ನದಕ್ಕೆ 300 ಮಿಲಿಆಂಪ್. ತಗೊಳ್ಳುವಾಗ ಅದನ್ನು ನೋಡಿ ತಗೊಳ್ಳಿ. ಎಲ್ಲ ವೈರ್‌ಗೂ ಟೇಪ್ ಹಾಕುತ್ತೇನೆ ಈಗ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಇನ್ನೊಂದು ಕಿರಿಕಿರಿ. ಸಣ್ಣ ಧ್ವನಿಯಲ್ಲಿ ನುಡಿಸಿದರೆ ತಂತಿಯ ನಿಜವಾದ ಸ್ವರವೂ ಕಿವಿಗೆ ಬೀಳುತ್ತದೆ. ತಂತಿ ಇ, ಸ್ಪೀಕರ್ ಇ ಫ್ಲ್ಯಾಟ್. ಹತ್ತು ನಿಮಿಷದಲ್ಲಿ ತಲೆ ನೋಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು.

ಬೇರೆ ದಾರಿಗಳೂ ಇವೆ. ಹಿಪ್‌ಶಾಟ್ ಎಕ್ಸ್‌ಟೆಂಡರ್ ಅಂತ ಒಂದು ಬಿರಡೆ ಬರುತ್ತದೆ. ಅದರ ಲಿವರ್ ಎಳೆದರೆ ಇ ತಂತಿ ಡಿ ಗೆ ಇಳಿಯುತ್ತದೆ. ತಡ ಅನ್ನುವುದೇ ಇಲ್ಲ, ಕರೆಂಟೂ ಬೇಡ. ಆದರೆ ಒಂದೇ ತಂತಿ. 2007ರಲ್ಲಿ ಗಿಬ್ಸನ್ ಮೋಟಾರ್‌ನಿಂದ ತಾನೇ ಶ್ರುತಿ ಮಾಡಿಕೊಳ್ಳುವ ರೋಬೋಟ್ ಗಿಟಾರ್ ತಂದಿತ್ತು, ಅದು ಆರು ತಂತಿಯ ಗಿಟಾರ್. ಬೇಸ್‌ಗೆ ರೋಲ್ಯಾಂಡ್‌ನ ಹಳೆಯ ವಿಬಿ 99 ಥರದ ಉಪಕರಣಗಳು ಬಂದಿವೆ. ಅವಕ್ಕೆ ಪ್ರತಿ ತಂತಿಯ ಕಂಪನವನ್ನೂ ಬೇರೆ ಬೇರೆ ಹಿಡಿಯುವ ವಿಶೇಷ ಪಿಕಪ್ ಹಾಕಬೇಕು. ಆಗ ಒಂದೊಂದು ತಂತಿಯನ್ನೂ ಬೇಕಾದ ಸ್ವರಕ್ಕೆ ಇಡಬಹುದು. ಮದುವೆ, ಜಾತ್ರೆ ಪ್ರೋಗ್ರಾಂ ಮಾಡುವ ನನ್ನ ದುಡಿಮೆಗೆ ಅಷ್ಟು ಖರ್ಚು ಒಗ್ಗುವುದಿಲ್ಲ.

ಹಾಗಾದರೆ ತಗೊಳ್ಳಬೇಕಾ? ಗಾಯಕರ ಜೊತೆ ನುಡಿಸುತ್ತೀರಿ, ನಾಲ್ಕು ತಂತಿಯ ಬೇಸ್ ಇದೆ, ಸ್ಕೇಲ್ ಒಂದೋ ಎರಡೋ ಇಳಿಯುತ್ತದೆ ಅಂದರೆ ತಗೊಳ್ಳಿ, ಸೆಕೆಂಡ್ ಹ್ಯಾಂಡೇ ಸಾಕು. ಜೋರು ಲಯದ ಹಾಡೇ ಜಾಸ್ತಿ, ಮೂರು ನಾಲ್ಕು ಇಳಿಸಬೇಕು ಅಂದರೆ ದುಡ್ಡು ಕೂಡಿಟ್ಟು ಐದು ತಂತಿಯನ್ನೇ ತಗೊಳ್ಳಿ. ತಗೊಳ್ಳುವ ಮುಂಚೆ ಅಂಗಡಿಯಲ್ಲಿ ಮೇಲಿನ ತಂತಿಗಳಲ್ಲಿ ನುಡಿಸಿ ಖುಷಿಪಡಬೇಡಿ. ಓಪನ್ ಇ ಮೀಟಿ, ಜೊತೆಗೆ ಕಾಲಲ್ಲಿ ತಾಳ ಹಾಕಿ ನೋಡಿ.

ನಾನು ಮಾರಿಲ್ಲ, ಮಾರುವುದೂ ಇಲ್ಲ. ಗುಲಾಬಿ ಮತ್ತು ನೇರಳೆ ಚುಕ್ಕೆಗಳನ್ನು ಹೋದ ವರ್ಷ ಉಜ್ಜಿ ತೆಗೆದೆ. ಕೆಂಪು, ಬೆಳ್ಳಿ ಎರಡೇ ಉಳಿದಿವೆ. ಮೂರು ಬೆರಳು ಬಂದರೆ ನಾನು ಪೆಡಲ್ ಮುಟ್ಟುವುದಿಲ್ಲ, ಎ ತಂತಿಗೆ ಹೋಗುತ್ತೇನೆ. ಕೀಬೋರ್ಡ್‌ನವರಿಗೂ ಇದು ಗೊತ್ತು. ಈಗ ಗಾಯಕಿ ಕಿವಿಯಲ್ಲಿ ಹೇಳಿದಾಗ ಅವರು ಮೊದಲು ನನ್ನ ಕಾಲಿನ ಕಡೆ ನೋಡಿ, ಆಮೇಲೆ ಬೆರಳು ತೋರಿಸುತ್ತಾರೆ.