ಸಂಪಾಜೆ ಘಾಟಿಯನ್ನು ಒಂದೇ ದಿನದಲ್ಲಿ ಇಳಿಯಬೇಡಿ: ಶಿವರಾತ್ರಿ ಪಾದಯಾತ್ರೆಗೆ ಹೊರಡುವವರ ಗಮನಕ್ಕೆ

ಶಿವರಾತ್ರಿಗೆ ಧರ್ಮಸ್ಥಳ ಮುಟ್ಟಬೇಕೆಂದು ಕುಶಾಲನಗರದಿಂದ ನಡೆದು ಹೊರಟ ಇಪ್ಪತ್ತಕ್ಕೂ ಹೆಚ್ಚು ಜನರ ತಂಡವೊಂದರಲ್ಲಿ ಸುಳ್ಯ ದಾಟಿ ಮುಂದೆ ನಡೆದವರು ಆರೇ ಜನ. ಇಬ್ಬರು ಆಸ್ಪತ್ರೆ ಸೇರಿದರು, ಉಳಿದವರು ಬಸ್ಸು ಹತ್ತಿ ಮನೆಗೆ ಮರಳಿದರು. ಅವರಲ್ಲಿ ಹೆಚ್ಚಿನವರು ಕಾಫಿ ತೋಟದಲ್ಲಿ ದಿನವಿಡೀ ಏರಿಳಿದು ಕೆಲಸ ಮಾಡುವವರು, ಮೈಗಳ್ಳರಲ್ಲ. ತಲೆಗಿಷ್ಟು ಎಂದು ಹಣ ಕಟ್ಟಿಸಿಕೊಂಡ ಆಯೋಜಕರು ಊಟ, ವಸತಿ, ಲಗೇಜ್ ಗಾಡಿ ಎಲ್ಲವೂ ತಮ್ಮದೇ ಜವಾಬ್ದಾರಿ ಎಂದಿದ್ದರು. ದಾರಿಯ ಲೆಕ್ಕ ಹಾಕಿದವರೂ ಅವರೇ. ಕೆಟ್ಟದ್ದು ಆ ಲೆಕ್ಕದಲ್ಲಿ.

ಅವರ ಲೆಕ್ಕ ಹೀಗಿತ್ತು: ಮೊದಲ ದಿನ ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿ, ಸುಮಾರು 30 ಕಿ.ಮೀ. ಎರಡನೇ ದಿನ ಮಡಿಕೇರಿಯಿಂದ ಘಾಟಿ ಇಳಿದು ಸಂಪಾಜೆ, ಸುಮಾರು 28. ಮೂರನೇ ದಿನ ಸುಳ್ಯ, ಇನ್ನೊಂದು 24 ಚಿಲ್ಲರೆ. ಆಮೇಲೆ ಸುಬ್ರಹ್ಮಣ್ಯ, ಅಲ್ಲಿಂದ ಧರ್ಮಸ್ಥಳ. ಕಾಗದದ ಮೇಲೆ ಎರಡನೇ ದಿನವೇ ಹಗುರ, ಎಲ್ಲಾ ಇಳಿಜಾರು ತಾನೇ ಎಂದು ಎಲ್ಲರೂ ನಂಬಿಕೊಂಡರು. ಬೆಳಗಿನ ತಿಂಡಿ ತಡವಾಗಿ ಮಡಿಕೇರಿ ಬಿಟ್ಟಾಗಲೇ ಎಂಟೂವರೆ. ಮದೆನಾಡು, ಜೋಡುಪಾಲ ದಾಟುವಾಗ ಮಂಡಿ ನೋವು ಶುರುವಾಗಿತ್ತು. ದೇವರಕೊಲ್ಲಿಯ ಹತ್ತಿರ ಕತ್ತಲಾಯಿತು. ಟಾರ್ಚು, ಔಷಧಿ, ಸ್ವೆಟರ್ ಎಲ್ಲವೂ ಲಗೇಜ್ ಟೆಂಪೋದಲ್ಲಿ, ಟೆಂಪೋ ಆಗಲೇ ಸಂಪಾಜೆಯಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಕೊನೆಯವರು ಸಂಪಾಜೆ ತಲುಪಿದ್ದು ರಾತ್ರಿ ಒಂಬತ್ತೂವರೆಯ ಮೇಲೆ. ಮರುದಿನ ಎದ್ದು ನಿಲ್ಲಲಾಗದೆ ಬಿಸಿಲೇರಿದ ಮೇಲೆ ಹೊರಟರು. ಕಲ್ಲುಗುಂಡಿ ಕಳೆದು ಅರಂತೋಡು ಸಿಗುವುದರೊಳಗೆ ಒಬ್ಬರು ವಾಂತಿ ಮಾಡಿಕೊಂಡು ಸಂಬಂಧವಿಲ್ಲದ ಮಾತಾಡತೊಡಗಿದರು. ಇನ್ನೊಬ್ಬರ ಮೂತ್ರ ಹಾಲಿಲ್ಲದ ಕಡು ಚಹಾದಂತೆ ಕೆಂಪು-ಕಪ್ಪಾಗಿತ್ತು.

ಇದು ಆ ತಂಡದ ಗ್ರಹಚಾರ ಎಂದು ಕೈತೊಳೆದುಕೊಳ್ಳುವಂತಿಲ್ಲ. ಈ ದಾರಿಯ ಗುಣವೇ ಹಾಗಿದೆ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,150 ಮೀಟರಿಗೂ ಮೇಲೆ. ಸಂಪಾಜೆಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿದಿರುತ್ತೀರಿ. ಏರುವಾಗ ಸುಸ್ತಾಗುವುದು ಉಸಿರು, ಕೂತರೆ ಅದು ಸರಿಹೋಗುತ್ತದೆ. ಇಳಿಯುವಾಗ ಪೆಟ್ಟು ಬೀಳುವುದು ತೊಡೆಯ ಮುಂಭಾಗದ ಸ್ನಾಯುಗಳಿಗೆ. ಪ್ರತಿ ಹೆಜ್ಜೆಯಲ್ಲೂ ಅವು ಎಳೆದುಕೊಳ್ಳುತ್ತಲೇ ದೇಹದ ಭಾರವನ್ನು ತಡೆಯಬೇಕು, ಹಾಗೆ ತಡೆಯುವಾಗ ನಾರುಗಳು ಸೂಕ್ಷ್ಮವಾಗಿ ಹರಿಯುತ್ತವೆ. ಮೋಸವೇನೆಂದರೆ ಅದರ ನೋವು ಅಂದೇ ಪೂರ್ತಿ ಕಾಣಿಸುವುದಿಲ್ಲ. 24ರಿಂದ 48 ಗಂಟೆಯೊಳಗೆ ಜೋರಾಗುತ್ತದೆ. ಹಾಗಾಗಿ ಘಾಟಿಯಲ್ಲಿ ನಗುತ್ತಾ ಇಳಿದವರು ಸುಳ್ಯದಲ್ಲಿ ಶೌಚಕ್ಕೆ ಕೂರಲೂ ಆಗದೆ ಗೋಡೆ ಹಿಡಿಯುತ್ತಾರೆ. ಹರಿದ ಸ್ನಾಯು ಬಹಳವಾದರೆ, ಮೈಯಲ್ಲಿ ನೀರೂ ಕಡಿಮೆಯಾಗಿದ್ದರೆ, ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಾರಣ ಇದೇ ಇರಬಹುದು. ಆಗ ಎಳನೀರು ಕುಡಿದು ನೋಡೋಣ ಎನ್ನುವುದಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಮೇಲೊಂದು ಅಪಾಯ ಸೇರಿಸುವವರು ನೋವಿನ ಮಾತ್ರೆ ಹಂಚುವವರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡಕ್ಕೇ ಹೊಡೆತ. ಆ ತಂಡದಲ್ಲಿ ಇವನ್ನು ಮಿಠಾಯಿ ಹಂಚಿದಂತೆ ಹಂಚಿದ್ದರು.

ತೋಟದಲ್ಲಿ ನಡೆಯುವ ಅಭ್ಯಾಸ ಇಲ್ಲಿ ಯಾಕೆ ಸಾಕಾಗುವುದಿಲ್ಲ ಎಂದರೆ, ತೋಟದಲ್ಲಿ ಮೆತ್ತನೆ ಮಣ್ಣು, ಏರು-ಇಳಿ ಬೆರೆತ ಹಾದಿ, ನಡುನಡುವೆ ನಿಲ್ಲುವ ಕೆಲಸ. ಘಾಟಿಯಲ್ಲಿ ಗಟ್ಟಿ ಡಾಂಬರು ಮತ್ತು ಗಂಟೆಗಟ್ಟಲೆ ಒಂದೇ ಇಳಿಜಾರು. ಇದಕ್ಕೆ ಒಳ್ಳೆಯ ಮದ್ದು ಇಳಿಯುವುದೇ. ಯಾತ್ರೆಗೆ ಮೂರು ವಾರ ಮೊದಲು ಮಡಿಕೇರಿಯಿಂದ ಮದೆನಾಡಿನವರೆಗೆ ನಡೆದು ಇಳಿದು, ಬಸ್ಸಿನಲ್ಲಿ ವಾಪಸು ಬನ್ನಿ. ನಾಲ್ಕು ದಿನ ತೊಡೆ ನೋಯುತ್ತದೆ, ನೋಯಲಿ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಇಳಿತವನ್ನು ಬಹಳ ಚೆನ್ನಾಗಿ ತಡೆದುಕೊಳ್ಳುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದರೆ ಸಾಕು, ಕೊನೆಯದು ಯಾತ್ರೆಗೆ ಒಂದು ವಾರ ಮೊದಲೇ ಮುಗಿದಿರಬೇಕು.

ಯಾತ್ರೆಯಲ್ಲಿ ಘಾಟಿಯನ್ನು ಎರಡು ಭಾಗ ಮಾಡಿ. ಮೊದಲ ದಿನ ಮಡಿಕೇರಿಯಿಂದ ಜೋಡುಪಾಲದ ಆಸುಪಾಸು, ಎರಡನೇ ದಿನ ಅಲ್ಲಿಂದ ಸಂಪಾಜೆ. ನಡುದಾರಿಯಲ್ಲಿ ಇಪ್ಪತ್ತು ಜನಕ್ಕೆ ಮಲಗಲು ಜಾಗ ಎಲ್ಲಿ ಎಂಬುದು ಎಲ್ಲರ ಪ್ರಶ್ನೆ. ಉತ್ತರ ಸುಲಭ: ನಡಿಗೆ ನಿಲ್ಲಿಸಿದ ಜಾಗದ ಗುರುತು ಇಟ್ಟುಕೊಂಡು ಬಸ್ಸಿನಲ್ಲಿ ಮಡಿಕೇರಿಗೆ ಬಂದು ಮಲಗಿ, ಬೆಳಿಗ್ಗೆ ಮತ್ತೆ ಅದೇ ಕಿ.ಮೀ. ಕಲ್ಲಿನ ಹತ್ತಿರ ಇಳಿದು ಮುಂದುವರಿಯಿರಿ. ಹರಕೆಯ ದಾರಿಯಲ್ಲಿ ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಕುಶಾಲನಗರ–ಮಡಿಕೇರಿ ನಡುವೆ ಸುಂಟಿಕೊಪ್ಪ ಹೆಚ್ಚುಕಡಿಮೆ ಅರ್ಧ ದಾರಿ, ಅಲ್ಲೂ ಒಂದು ರಾತ್ರಿ ತಂಗಿದರೆ ಇನ್ನೂ ಒಳ್ಳೆಯದು. ರಜೆ ಎರಡು ದಿನ ಹೆಚ್ಚು ಬೇಕಾಗುತ್ತದೆ. ಅದು ಸಿಗದಿದ್ದರೆ ಮಡಿಕೇರಿಯಿಂದಲೇ ಶುರು ಮಾಡಿ.

ಇಳಿಯುವಾಗ ಉದ್ದ ಹೆಜ್ಜೆ ಹಾಕಬೇಡಿ. ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಲಿ, ಹಿಮ್ಮಡಿ ಧಡ್ಡೆಂದು ಊರಬಾರದು. ಕೈಯಲ್ಲಿ ಎದೆಯೆತ್ತರದ ಬಿದಿರು ಕೋಲು ಇದ್ದರೆ ಮಂಡಿಯ ಭಾರ ನಿಜಕ್ಕೂ ಕಡಿಮೆಯಾಗುತ್ತದೆ. ಶೂ ಒಂದು ಅಳತೆ ದೊಡ್ಡದಿರಲಿ, ಏಕೆಂದರೆ ಸಂಜೆಯ ಹೊತ್ತಿಗೆ ಪಾದ ಊದುತ್ತದೆ. ಆದರೆ ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿ. ಅಲ್ಲಿ ಸಡಿಲವಾದರೆ ಪಾದ ಮುಂದಕ್ಕೆ ಜಾರಿ ಬೆರಳುಗಳು ಶೂ ತುದಿಗೆ ಗುದ್ದುತ್ತವೆ, ಉಗುರು ಕಪ್ಪಾಗಿ ಕಿತ್ತು ಬರುವುದು ಹೀಗೆಯೇ. ಉಗುರನ್ನು ಮೂರು-ನಾಲ್ಕು ದಿನ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಿ. ಹಿಂದಿನ ರಾತ್ರಿ ಮೂಲೆಗಳನ್ನು ಒಳಕ್ಕೆ ಕತ್ತರಿಸಿ ಹೊರಟವರಿಗೆ ಮೊದಲ ದಿನವೇ ಕೀವು ಶುರು. ಯಾತ್ರೆಗೆಂದೇ ಕೊಂಡ ಹೊಸ ಶೂ ಬೇಡವೇ ಬೇಡ.

ಬೊಬ್ಬೆಗೆ ಸೂಜಿ-ದಾರ ಪೋಣಿಸಿ, ದಾರವನ್ನು ಅಲ್ಲೇ ಬಿಟ್ಟು ನಡೆಯುವುದು ಹಳೆಯ ರೂಢಿ. ದಯವಿಟ್ಟು ಬಿಡಿ. ಆ ದಾರವೇ ಕೊಳೆಯನ್ನು ಒಳಗೆ ಎಳೆಯುತ್ತದೆ. ಚಿಕ್ಕ ಬೊಬ್ಬೆಯನ್ನು ಮುಟ್ಟದೆ ಮೇಲೆ ಟೇಪ್ ಹಾಕಿ. ನಡೆಯಲಾಗದಷ್ಟು ಉಬ್ಬಿದ್ದರೆ ಸೋಪಿನಿಂದ ಕೈ-ಕಾಲು ತೊಳೆದು, ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹಿಂಡಿ, ಮೇಲಿನ ಚರ್ಮ ಕೀಳದೆ, ಪೊವಿಡೋನ್ ಅಯೋಡಿನ್ ಹಚ್ಚಿ ಮುಚ್ಚಿ. ಪಯಸ್ವಿನಿ ಹೊಳೆ ಕಂಡ ಕೂಡಲೇ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂರುವ ಆಸೆ ಎಲ್ಲರಿಗೂ ಆಗುತ್ತದೆ. ನೆನೆದ ಚರ್ಮ ಮೆತ್ತಗಾಗಿ ಮುಂದಿನ ನಾಲ್ಕು ಕಿ.ಮೀ.ನಲ್ಲೇ ಸುಲಿಯುತ್ತದೆ. ದಿನದ ನಡಿಗೆ ಮುಗಿದ ಮೇಲಷ್ಟೇ ನೀರಿಗೆ ಕಾಲಿಡಿ, ಒಡೆದ ಬೊಬ್ಬೆ ಇದ್ದರೆ ಅದೂ ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಬೊಬ್ಬೆ ಎದ್ದದ್ದೇ ಗೊತ್ತಾಗದಿರಬಹುದು. ಅವರ ಪಾದವನ್ನು ಪ್ರತಿ ನಿಲುಗಡೆಯಲ್ಲಿ ಜೊತೆಯವರು ಕಣ್ಣಾರೆ ನೋಡಬೇಕು.

ಇನ್ನು ಬಿಸಿಲು. ಇದನ್ನು ಕೊಡಗಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಫೆಬ್ರವರಿ ಕೊನೆಯಲ್ಲಿ ಮಡಿಕೇರಿಯ ಬೆಳಗು ಸ್ವೆಟರ್ ಕೇಳುತ್ತದೆ. ಒಂದೇ ಹಗಲಿನ ನಡಿಗೆಯ ಕೆಳಗೆ, ಸಂಪಾಜೆಯಿಂದಾಚೆ, ಮಧ್ಯಾಹ್ನ 34–35 ಡಿಗ್ರಿ, ಜೊತೆಗೆ ಕರಾವಳಿ ಕಡೆಯ ತೇವದ ಗಾಳಿ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ದೇಹ ಇಂಥ ಸೆಕೆಗೆ ಒಗ್ಗಲು ವಾರಕ್ಕಿಂತ ಹೆಚ್ಚು ಬೇಕು, ನಿಮಗೆ ಸಿಗುವುದು ಒಂದು ರಾತ್ರಿ. ಆದ್ದರಿಂದ ಸಂಪಾಜೆ ದಾಟಿದ ಮೇಲೆ ಬೆಳಕು ಹರಿಯುತ್ತಲೇ ಹೊರಟು ಹತ್ತೂವರೆಗೆ ನಿಲ್ಲಿಸಿ, ಮತ್ತೆ ಸಂಜೆ ನಾಲ್ಕರ ಮೇಲೆ ಹೊರಡಿ. ಬರೀ ನೀರು ಹೊಟ್ಟೆತುಂಬ ಕುಡಿದರೆ ಮೈಯ ಉಪ್ಪು ಇನ್ನೂ ತಿಳಿಯಾಗುತ್ತದೆ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರಿಗೆ ಕಲಸಿ. ಅರ್ಧ ಬಾಟಲಿಗೆ ಪೂರ್ತಿ ಸುರಿಯುವುದೂ ತಪ್ಪು, ಎರಡು ಲೀಟರಿಗೆ ಹಿಗ್ಗಿಸುವುದೂ ತಪ್ಪು. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ ತಲೆತಟ್ಟಿ ಅಳೆದು. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಒಳ್ಳೆಯದೇ. ತಲೆನೋವು, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆನ್ನುವುದು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಮಾತು ತಡವರಿಸಿದರೆ ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬಾರದು.

ಬರಿಗಾಲ ಹರಕೆಯವರಿಗೆ ಒಂದು ಮಾತು. ಡಾಂಬರು ಸುಡುವಾಗ ಅಂಚಿನ ಬಿಳಿ ಗೆರೆ ತಣ್ಣಗಿರುವುದು ನಿಜ, ಅದನ್ನೇ ಹಿಡಿದು ನಡೆಯುವವರನ್ನು ಎಲ್ಲೆಡೆ ಕಾಣಬಹುದು. ಘಾಟಿಯ ತಿರುವುಗಳಲ್ಲಿ ಲಾರಿ, ಬಸ್ಸುಗಳ ಚಕ್ರವೂ ಆ ಗೆರೆಗೇ ಬರುತ್ತದೆ. ಬಿಸಿಯೇರುವ ಮೊದಲೇ ನಡಿಗೆ ಮುಗಿಸುವುದೊಂದೇ ದಾರಿ.

ರಾತ್ರಿ ನಡೆದರೆ ತಂಪು ಎಂಬ ಸಲಹೆ ಮೈದಾನದ ದಾರಿಗೆ ಸರಿಯಿರಬಹುದು, ಇಲ್ಲಿಗಲ್ಲ. ಶಿವರಾತ್ರಿ ಮಾಘ ಬಹುಳ ಚತುರ್ದಶಿ. ಅದರ ಹಿಂದಿನ ನಾಲ್ಕೈದು ದಿನ ಚಂದ್ರ ಮೂಡುವುದೇ ನಡುರಾತ್ರಿ ಕಳೆದು, ಮರಗಳ ಕೆಳಗೆ ಅದೂ ಕಾಣದು. ಕುಶಾಲನಗರ–ಸುಂಟಿಕೊಪ್ಪ ನಡುವಿನ ಆನೆಕಾಡಿನಲ್ಲೂ, ಘಾಟಿಯ ಕೆಳಭಾಗದಲ್ಲಿ ದೇವರಕೊಲ್ಲಿ, ಕೊಯನಾಡಿನ ಕಡೆಯೂ ಆನೆ ರಸ್ತೆಗೆ ಬರುತ್ತದೆ. ಈ ಎರಡು ತುಂಡುಗಳನ್ನು ಬೆಳಿಗ್ಗೆ ಏಳರ ಮೇಲೆ, ಸಂಜೆ ಐದರ ಒಳಗೆ, ಗುಂಪಾಗಿಯೇ ದಾಟಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ನಿಂತು, ವಾಹನ ಬರುವವರೆಗೆ ಕಾಯಿರಿ. ಆನೆಯೇ ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ, ಮೊಬೈಲ್ ಎತ್ತಬೇಡಿ, ಜೈಕಾರ ಹಾಕಬೇಡಿ. ದಾರಿ ಉಳಿಸಲೆಂದು ತೋಟದೊಳಗಿನ ಒಳದಾರಿ ಹಿಡಿಯುವುದು ಎಲ್ಲಕ್ಕಿಂತ ಅಪಾಯ.

ರಸ್ತೆಯಲ್ಲಿ ಬಲಬದಿ ಹಿಡಿದು ಎದುರು ವಾಹನ ನೋಡುತ್ತಾ ಒಬ್ಬರ ಹಿಂದೊಬ್ಬರಾಗಿ ನಡೆಯಿರಿ. ಬಲಕ್ಕೆ ತಿರುಗುವ ಕುರುಡು ತಿರುವು ಬಂದಾಗ ಮಾತ್ರ ಮೊದಲೇ ಎಡಕ್ಕೆ ದಾಟಿಕೊಳ್ಳಬೇಕು, ಯಾಕೆಂದರೆ ಬರೆಗೆ (ರಸ್ತೆಬದಿಯ ಕಡಿದಾದ ಮಣ್ಣಿನ ಗೋಡೆಗೆ) ಅಂಟಿಕೊಂಡು ನಡೆದರೆ ಎದುರಿನ ಚಾಲಕನಿಗೆ ನೀವು ಕಾಣುವುದು ಕೊನೆಯ ಕ್ಷಣದಲ್ಲಿ. ಅಕಾಲಿಕ ಮಳೆ ಬಂದರೆ ಮದೆನಾಡಿನ ಕರ್ತೋಜಿ, ಜೋಡುಪಾಲದ ಬರೆಗಳ ಕೆಳಗೆ ಕೂತು ವಿಶ್ರಮಿಸಬೇಡಿ. 2018ರ ಆಗಸ್ಟ್‌ನಲ್ಲಿ ಇದೇ ಜೋಡುಪಾಲ, ಎರಡನೇ ಮೊಣ್ಣಂಗೇರಿಯಲ್ಲಿ ಗುಡ್ಡ ಜರಿದದ್ದು ಎಲ್ಲರಿಗೂ ನೆನಪಿದೆ.

ಹಣ ಕಟ್ಟುವ ಮೊದಲು ಆಯೋಜಕರನ್ನು ಬಾಯಿಬಿಟ್ಟು ಕೇಳಿ: ದಿನಕ್ಕೆ ಎಷ್ಟು ಕಿ.ಮೀ., ಘಾಟಿಗೆ ಎಷ್ಟು ದಿನ? ಗಾಡಿ ಒಂದೋ ಎರಡೋ? ಒಂದೇ ಆದರೆ ಅದು ತಂಡದ ಹಿಂದೆಯೇ ಇರಬೇಕು, ಅಡುಗೆಯ ನೆಪದಲ್ಲಿ ಮುಂದೆ ಓಡಬಾರದು. ಎಲ್ಲರಿಗಿಂತ ಕೊನೆಯಲ್ಲಿ ನಡೆಯುವವರು ಯಾರು, ಐದು ಕಿ.ಮೀ.ಗೊಮ್ಮೆ ತಲೆ ಎಣಿಸುವವರು ಯಾರು? ನಡುವೆ ಬಿಟ್ಟವರ ಹಣ ಎಷ್ಟು ಮರಳುತ್ತದೆ? ಆ ತಂಡದವರಿಗೆ ಒಂದು ರೂಪಾಯಿಯೂ ಮರಳಲಿಲ್ಲ, ಬರವಣಿಗೆಯಲ್ಲಿ ಏನೂ ಇರಲಿಲ್ಲ. ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಸಂಪಾಜೆಯಲ್ಲಿ ಸೇರೋಣ ಎಂದಷ್ಟೇ ಹೇಳಿದರೆ ಸಾಲದು. ಗಡಿಯ ಈಚೆ ಕೊಡಗು ಸಂಪಾಜೆ, ಆಚೆ ದಕ್ಷಿಣ ಕನ್ನಡದ ಸಂಪಾಜೆ, ಕುಂಟುವ ಕಾಲಿಗೆ ನಡುವಿನ ದೂರ ಬಹಳ. ಸಂಪಾಜೆಯ ತಪಾಸಣಾ ಗೇಟಿನ ಹತ್ತಿರವೋ ಕಲ್ಲುಗುಂಡಿ ಪೇಟೆಯೋ ಎಂದು ನಿಖರವಾಗಿ ಗೊತ್ತುಮಾಡಿ. ಗಾಡಿ ಎಷ್ಟೇ ಇರಲಿ, ನಿಮ್ಮ ಬೆನ್ನಿನ ಚೀಲದಲ್ಲಿ ಒಂದೂವರೆ ಲೀಟರ್ ನೀರು, ಎರಡು ಓಆರ್‌ಎಸ್, ಟಾರ್ಚು, ಒಣ ಸಾಕ್ಸ್ ಒಂದು ಜೊತೆ, ನಿತ್ಯದ ಮಾತ್ರೆ, ಬೆಳಕಿಗೆ ಹೊಳೆಯುವ ಜಾಕೆಟ್, ಬಸ್ಸಿನ ಹಣ ಇರಲಿ. ಸುಳ್ಯದಿಂದ ಮಡಿಕೇರಿಗೆ ಬಸ್ಸಿದೆ. ಮಂಡಿ ಊದಿದವರು ಹತ್ತಿ ಬಿಡಲಿ, ಉಳಿದವರು ಅವರನ್ನು ಹುರಿದುಂಬಿಸಿ ನಡೆಸಬೇಡಿ.